ಒಲೆ ಪಕ್ಕ ಒಂಬತ್ತು ಲಾರಿ

ನೋಡೋಣಪ್ಪನವರ ಹತ್ತಿರ ಒಂಬತ್ತು ಲಾರಿಗಳಿದ್ದವು. ಒಂಬತ್ತನ್ನೂ ಅವರ ಅತ್ತೆ ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದರು.

ಇದು ಕೇಳಿದ ಕೂಡಲೇ ನಂಬುವ ಮಾತಲ್ಲ ಎಂದು ನನಗೂ ಗೊತ್ತು. ಅದಕ್ಕೇ ಮೊದಲು ಹೆಸರಿನ ವಿಷಯ ಮುಗಿಸಿಬಿಡುತ್ತೇನೆ. ಅವರಿಗೆ ತಂದೆತಾಯಿ ಇಟ್ಟ ಒಳ್ಳೆಯ ಹೆಸರೊಂದಿತ್ತು. ಆದರೆ ಅದು ಲಾರಿಯ ಕಾಗದಪತ್ರಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಹೊಸ ಟೈರು ಹಾಕಿಸೋಣವೇ ಎಂದರೆ ‘ನೋಡೋಣಪ್ಪ’, ಸೋರುವ ನಲ್ಲಿ ರಿಪೇರಿ ಮಾಡಿಸೋಣವೇ ಎಂದರೆ ‘ನೋಡೋಣಪ್ಪ’, ತಟ್ಟೆ ಹಾಕಿದ್ದೇನೆ ಊಟಕ್ಕೆ ಬನ್ನಿ ಎಂದರೂ ‘ನೋಡೋಣಪ್ಪ’. ಮದುವೆಯ ಪ್ರಸ್ತಾಪ ಬಂದಾಗಲೂ ಇದೇ ಉತ್ತರ ಕೊಟ್ಟಿದ್ದರಂತೆ. ಹೆಣ್ಣಿನ ಕಡೆಯವರು ಅದನ್ನು ಒಪ್ಪಿಗೆಯೆಂದು ತಿಳಿದು ಮುಂದುವರಿದಿದ್ದರಿಂದ ಹೆಂಡತಿ, ಅತ್ತೆ, ಲಾರಿ ವ್ಯವಹಾರ ಮೂರೂ ಒಂದೇ ಸಲಕ್ಕೆ ಅವರ ಪಾಲಿಗೆ ಬಂದವು.

ಇನ್ನು ಅಡುಗೆಮನೆ. ಮಾವನವರು ಬದುಕಿದ್ದಾಗ ಇದ್ದದ್ದು ಒಂದೇ ಲಾರಿ. ಗಂಡ ನದಿಯ ಆಚೆಗೆ ಬಾಡಿಗೆ ಹೋಗಿದ್ದಾರೋ, ಈಚೆ ದಡಕ್ಕೆ ಬಂದಿದ್ದಾರೋ, ಊಟಕ್ಕೆ ಅನ್ನ ಎಷ್ಟು ಇಡಬೇಕು ಎಂಬುದು ನೆನಪಿರಲಿ ಎಂದು ಅತ್ತೆ ಉಪ್ಪಿನ ಡಬ್ಬಿಯನ್ನು ಸಿಂಕಿನ ಆಚೆಗೋ ಈಚೆಗೋ ಇಡುತ್ತಿದ್ದರು. ಎರಡನೇ ಲಾರಿ ಬಂತು, ಸಕ್ಕರೆ ಡಬ್ಬಿ ಸೇರಿತು. ಮೂರನೆಯದಕ್ಕೆ ಮೆಣಸು. ಮಾವನವರು ತೀರಿಕೊಂಡರು, ಟೀ ಪುಡಿ, ಹಿಟ್ಟು, ಅಕ್ಕಿ, ಜೀರಿಗೆ, ಅರಿಶಿನ, ಲವಂಗ ಒಂದೊಂದಾಗಿ ರಸ್ತೆಗಿಳಿದವು. ಸಿಂಕು ನದಿ. ಕಿಟಕಿ ಗಡಿಯ ಚೆಕ್‌ಪೋಸ್ಟು. ಫ್ರಿಜ್ಜಿನ ತಲೆ ಗ್ಯಾರೇಜು. ಕೆಳಗಿನ ಹಲಗೆ ಗೋದಾಮುಗಳು. ಒಲೆಯ ಪಕ್ಕದ ಕಟ್ಟೆ ಕಾಗದದ ಮಿಲ್ಲು, ಯಾಕೆಂದರೆ ಎರಡೂ ಹೊಗೆ ಬಿಡುತ್ತವೆ. ಮುಚ್ಚಳ ಹಾಕಿದ್ದರೆ ಲೋಡ್ ತುಂಬಿದೆ, ತೆಗೆದಿದ್ದರೆ ಖಾಲಿ. ಡಬ್ಬಿ ಗೋಡೆಗೆ ಮುಖ ತಿರುಗಿಸಿ ಕೂತಿದ್ದರೆ ಡ್ರೈವರ್ ಮುನಿಸಿಕೊಂಡಿದ್ದಾನೆ, ಸ್ವಲ್ಪ ನಯವಾಗಿ ಮಾತಾಡಿಸಬೇಕು.

ಡ್ರೈವರ್‌ಗಳು ಲೋಡ್ ಇಳಿಸಿದಾಗ, ಕವಲುದಾರಿ ಬಂದಾಗ, ಟೈರು ಒಡೆದಾಗ ಅಡುಗೆಮನೆಗೇ ಫೋನ್ ಮಾಡುತ್ತಿದ್ದರು. "ಅಮ್ಮಾ, ನಾನು ಸಕ್ಕರೆ ಮಾತಾಡ್ತಿರೋದು. ಮುಂದೆ ಎಲ್ಲಿಗೆ?" ಅತ್ತೆ ಎಡಗೈಯಲ್ಲಿ ಸೌಟು ಹಿಡಿದು ಬಲಗೈಯಲ್ಲಿ ಡಬ್ಬಿ ಸರಿಸುತ್ತಿದ್ದರು. ಆ ಮನೆಯಲ್ಲಿ ಹದಿನೆಂಟು ವರ್ಷದಲ್ಲಿ ಒಂದು ಲಾರಿಯೂ ದಾರಿ ತಪ್ಪಿರಲಿಲ್ಲ. ತಪ್ಪಿದ್ದು ಅಡುಗೆ ಮಾತ್ರ. ತುಂಬಿದ ಲಾರಿಯ ಮುಚ್ಚಳ ತೆಗೆಯುವ ಹಾಗಿಲ್ಲವಲ್ಲ, ದಾರಿ ಮಧ್ಯೆ ಸರಕು ಇಳಿಸಿದಂತಾಗುತ್ತದೆ! ಉಪ್ಪು ಲೋಡ್ ಹೊತ್ತು ಗಡಿ ದಾಟಿದ ದಿನ ಮನೆಯವರೆಲ್ಲ ಸಪ್ಪೆ ಊಟ ಮಾಡುತ್ತಿದ್ದರು. ಬಂದ ನೆಂಟರಿಗೆ, "ಕೂತ್ಕೊಳ್ಳಿ, ಸಕ್ಕರೆ ಇನ್ನೂ ಅನ್‌ಲೋಡ್ ಆಗಿಲ್ಲ, ಅರ್ಧ ಗಂಟೇಲಿ ಟೀ ಕೊಡ್ತೀವಿ" ಎನ್ನುತ್ತಿದ್ದರು. ನೆಂಟರು ಬರುವುದು ತಾನಾಗಿಯೇ ಕಡಿಮೆಯಾಗಿತ್ತು.

ಹೀಗಿರುವಾಗ ಒಂದು ದಿನ ಟೈ ಕಟ್ಟಿಕೊಂಡವನೊಬ್ಬ ಮನೆಗೆ ಬಂದ. ಲಾರಿ ನಿರ್ವಹಣೆಯ ಸಾಫ್ಟ್‌ವೇರ್ ಮಾರುವವನು. ಪರದೆಯ ಮೇಲೆ ಲಾರಿಗಳೆಲ್ಲ ಚುಕ್ಕೆಗಳಾಗಿ ಓಡಾಡುತ್ತವೆ, ಲೋಡ್ ಎಷ್ಟು, ತಲುಪುವುದು ಯಾವಾಗ, ಎಲ್ಲವೂ ಅಲ್ಲೇ ಎಂದ.

"ಎಲ್ಲರಿಗೂ ಬೇಕು ಅಂತ ನಾನು ಹೇಳಲ್ಲ ಸಾರ್," ಎಂದು ಪ್ರಾಮಾಣಿಕನಂತೆ ಬೆರಳು ಮಡಚಿದ. "ಒಂದು, ಲಾರಿ ಹತ್ತು ಆದ್ರೆ ಬೇಕು. ಎರಡು, ಲೆಕ್ಕವೆಲ್ಲ ಒಬ್ಬರ ತಲೆಯೊಳಗೇ ಇದ್ರೆ ಬೇಕು. ಮೂರು, ಆ ಒಬ್ಬರು ರಜಾ ಹಾಕಿದ ದಿನ ವ್ಯವಹಾರ ನಿಂತುಹೋಗತ್ತೆ ಅನ್ನೋದಾದ್ರೆ ನಿನ್ನೇನೇ ಬೇಕಿತ್ತು."

ನೋಡೋಣಪ್ಪನವರು ಮೊದಲನೆಯ ಬೆರಳನ್ನು ಮಾತ್ರ ಹಿಡಿದುಕೊಂಡರು. "ನಮ್ಮದು ಒಂಬತ್ತು. ಹತ್ತಾಗಲಿ, ನೋಡೋಣಪ್ಪ."

ಆಗ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು, "ಅದ್ರಲ್ಲಿ ಡಬ್ಬಿ ಬೇಕಾಗಲ್ವಾ?" ಎಂದು ಕೇಳಿದರು.

"ಒಂದೂ ಬೇಕಾಗಲ್ಲ ಅಮ್ಮ!"

ಅತ್ತೆ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡು ಒಳಗೆ ಹೋದರು.

ಮನೆಯಲ್ಲಿ ಭೂಮಿ ಬಾಯಿಬಿಟ್ಟಂತಾಯಿತು. "ಅಮ್ಮನ ಮುಖ ನೋಡಿದ್ರೇನ್ರೀ?" ಎಂದಳು ಹೆಂಡತಿ. "ಹದಿನೆಂಟು ವರ್ಷ ಕಷ್ಟಪಟ್ಟವರಿಗೆ ಒಂದೂ ಬೇಕಾಗಲ್ಲ ಅಂದುಬಿಟ್ಟನಲ್ಲ, ಕಟುಕ!" ಅಂದಿನಿಂದ ಆ ಮನೆಯಲ್ಲಿ ಸಾಫ್ಟ್‌ವೇರ್ ಎಂಬ ಶಬ್ದವನ್ನು ಯಾರೂ ಗಟ್ಟಿಯಾಗಿ ಆಡಲಿಲ್ಲ, ಸತ್ತವರ ಸುದ್ದಿಯಂತೆ ಪಿಸುಗುಟ್ಟುತ್ತಿದ್ದರು. ಆದರೂ ಯಾವಾಗ ತರಬೇಕು ಎಂಬ ಪ್ರಶ್ನೆಗೆ ಊರೆಲ್ಲ ಉತ್ತರ ಹೇಳಿತು. ಉಪ್ಪಿನ ಲಾರಿಯ ಹಿರಿಯ ಡ್ರೈವರ್, "ನಾನು ರಿಟೈರ್ ಆದ ಮಾರನೇ ದಿನ ತನ್ನಿ ಯಜಮಾನ್ರೇ" ಎಂದ. ಪಕ್ಕದ ಮನೆಯ ಫೋಟೋ ಸ್ಟುಡಿಯೋದವರು, "ನಾನು ಕಂಪ್ಯೂಟರ್ ತಗೊಂಡಿದ್ದು ಹಳೇ ಕ್ಯಾಮರಾ ಕಳುವಾದ ಮೇಲೆ. ನೀವೂ ಏನಾದ್ರೂ ಕಳುವಾಗೋವರೆಗೆ ಕಾಯ್ರಿ, ಆತುರ ಬೇಡ" ಎಂದರು. ಅತ್ತೆಯನ್ನು ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಆದ್ದರಿಂದ ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಇಟ್ಟಿಗೆ ಕಾರ್ಖಾನೆ ಮುಚ್ಚಿತು. ಮೂರು ಲಾರಿಗಳಿಗೆ ವರ್ಷವಿಡೀ ಕೆಲಸ ಕೊಡುತ್ತಿದ್ದ ಕಾರ್ಖಾನೆ ಅದು. ಸಕ್ಕರೆ, ಅಕ್ಕಿ ಅಲ್ಲಿ ಇಲ್ಲಿ ಚಿಲ್ಲರೆ ಬಾಡಿಗೆ ಹಿಡಿದವು. ಉಪ್ಪಿನ ಲಾರಿ ವಾರಕ್ಕೆ ನಾಲ್ಕು ದಿನ ಫ್ರಿಜ್ಜಿನ ಮೇಲೆಯೇ ಇತ್ತು. ಬೇರೆ ದೊಡ್ಡ ಗಿರಾಕಿ ಸಿಗದಿದ್ದರೆ ಮೂರನ್ನು ಮಾರಬೇಕು. ಮಾರುವುದಾದರೆ ಹಳೆಯದು ಮೊದಲು. ಅಂದರೆ ಉಪ್ಪು, ಮಾವನವರು ಕೊಂಡ ಮೊದಲ ಲಾರಿ. ಇದನ್ನೂ ಅತ್ತೆಗೆ ಯಾರೂ ಹೇಳಿರಲಿಲ್ಲ. ಅವರು ಮಾತ್ರ ದಿನಾ ಬೆಳಿಗ್ಗೆ ಫ್ರಿಜ್ಜಿನ ಮೇಲಿನ ಉಪ್ಪಿನ ಡಬ್ಬಿಯ ಧೂಳು ಒರೆಸಿ, ಮತ್ತೆ ಅಲ್ಲೇ ಇಡುತ್ತಿದ್ದರು.

ಲಾರಿ ಮಾಲೀಕರ ಸಂಘದ ಸಭೆಯಲ್ಲಿ ನೋಡೋಣಪ್ಪನವರ ಪಕ್ಕದ ಕುರ್ಚಿಗೆ ಬಂದು ಕೂತವರು ಸಾಕ್ಷಾತ್ ಕಾಗದದ ಮಿಲ್ಲಿನ ಸಾಗಣೆ ಅಧಿಕಾರಿ. ಹೊಸ ಗುತ್ತಿಗೆ ಕೊಡಲು ಲಾರಿಯವರನ್ನು ಹುಡುಕುತ್ತಿದ್ದರು.

"ನಿಮ್ಮಲ್ಲಿ ಸಿಸ್ಟಮ್ ಇದೆಯೇನ್ರೀ?" ಎಂದು ಕೇಳಿದರು. "ಇಲ್ದೇ ಇರೋರ ಹತ್ರ ನಾನು ಮಾತೇ ಆಡಲ್ಲ."

ನೋಡೋಣಪ್ಪನವರ ಬಾಯಿಂದ ಜೀವಮಾನದಲ್ಲಿ ಮೊದಲ ಬಾರಿಗೆ ಬೇರೆ ಉತ್ತರ ಹೊರಟಿತು. "ಇದೆ ಸಾರ್. ಹದಿನೆಂಟು ವರ್ಷ ಆಯ್ತು."

"ಹದಿನೆಂಟು! ಯಾವ ಕಂಪನೀದು?"

"ಮನೆಯಲ್ಲೇ ಇದ್ದಿದ್ದು ಸಾರ್. ಮಾವನವರ ಕಾಲದ್ದು."

"ಕೆಟ್ಟು ನಿಲ್ಲತ್ತಾ?"

"ಹದಿನೆಂಟು ವರ್ಷದಲ್ಲಿ ಒಂದೇ ಸಲ ಸಾರ್. ಮೈ ಬಿಸಿಯಾಗಿತ್ತು. ಒದ್ದೆ ಬಟ್ಟೆ ಹಾಕಿದ್ವಿ, ಸಂಜೆ ಹೊತ್ತಿಗೆ ಸರಿಹೋಯ್ತು."

ಅಧಿಕಾರಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನಮ್ಮದು ವಾರಕ್ಕೆ ಮೂರು ದಿನ ಬಿಸಿಯಾಗತ್ತೆ. ಒದ್ದೆ ಬಟ್ಟೆ ನಮ್ಮ ಎಂಜಿನಿಯರಿಗೆ ಹೊಳೆದೇ ಇಲ್ಲ ನೋಡಿ. ಬುಧವಾರ ಬೆಳಿಗ್ಗೆ ನಿಮ್ಮ ಮನೆಗೆ ಬರ್ತೀನಿ. ಯಾವ ಲಾರಿ ಎಲ್ಲಿದೆ ಅಂತ ಕೇಳಿದ ನಿಮಿಷದಲ್ಲಿ ಹೇಳಿದ್ರೆ ಮೂರು ವರ್ಷದ ಗುತ್ತಿಗೆ ನಿಮಗೇ."

ಸಭೆ ಮುಗಿಸಿ ಮನೆಗೆ ಬಂದ ನೋಡೋಣಪ್ಪನವರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಹೆಂಡತಿ ಬೈಯುವಷ್ಟು ಬೈದು, ಉಳಿದದ್ದನ್ನು ಬುಧವಾರದ ನಂತರಕ್ಕೆ ಇಟ್ಟುಕೊಂಡು, ಒಂದು ಉಪಾಯ ಮಾಡಿದಳು. ನಡುಮನೆಗೂ ಅಡುಗೆಮನೆಗೂ ನಡುವಿನ ಗೋಡೆಯಲ್ಲಿ ತಟ್ಟೆ ದಾಟಿಸುವ ಕಿಂಡಿಯೊಂದಿತ್ತು. ಅದಕ್ಕೆ ಬೆನ್ನು ಮಾಡಿ ಅಧಿಕಾರಿಯನ್ನು ಕೂರಿಸುವುದು. ಎದುರಿಗೆ ಪಕ್ಕದ ಮನೆಯಿಂದ ಎರವಲು ತಂದ ಕಂಪ್ಯೂಟರ್. ಅಧಿಕಾರಿ ಯಾವ ಲಾರಿ ಕೇಳುತ್ತಾರೋ ಆ ಡಬ್ಬಿ ಎಲ್ಲಿದೆ ಎಂದು ಹೆಂಡತಿ ಕಿಂಡಿಯಲ್ಲಿ ಸನ್ನೆ ಮಾಡುವುದು, ನೋಡೋಣಪ್ಪನವರು ಕೀಲಿಗಳನ್ನು ಟಪಟಪ ಒತ್ತಿ ಹೇಳುವುದು. ಅತ್ತೆಗೆ, "ಮಿಲ್ಲಿನವರು ಸುಮ್ನೆ ಮನೆ ನೋಡೋಕೆ ಬರ್ತಿದ್ದಾರೆ" ಎಂದು ಹೇಳಿದರು. ಯಾರಾದರೂ ಸುಮ್ಮನೆ ಮನೆ ನೋಡಲು ಯಾಕೆ ಬರುತ್ತಾರೆ ಎಂದು ಅತ್ತೆ ಕೇಳಲಿಲ್ಲ. ಅವರಿಗೆ ಎರಡು ದಿನದಿಂದ ಹಲ್ಲು ನೋವು.

ಬುಧವಾರ ಬೆಳಿಗ್ಗೆ ಆ ಹಲ್ಲು ತಡೆಯಲಾರದಷ್ಟು ಆಯಿತು. ಹೆಂಡತಿ ತಾಯಿಯನ್ನು ಕರೆದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಓಡಿದಳು. ಹೋಗುವ ಮೊದಲು ಅತ್ತೆ ಕೆನ್ನೆ ಹಿಡಿದುಕೊಂಡೇ, "ಅಳಿಯಂದ್ರೇ, ಎಲ್ಲಾ ಅದರದರ ಜಾಗದಲ್ಲಿ ಇಟ್ಟಿದ್ದೀನಿ. ಫೋನ್ ಬಂದ್ರೆ ಡಬ್ಬಿ ನೋಡಿ ಹೇಳಿ. ಯಾರೂ ಮುಟ್ಟಬಾರ್ದು" ಎಂದರು. ಕಿಂಡಿಗೆ ಯಾರು ಎಂಬ ಪ್ರಶ್ನೆ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದವರು ನೋಡೋಣಪ್ಪನವರ ಅಕ್ಕ.

ಅಕ್ಕನ ವಿಷಯ ಒಂದು ಮಾತು. ಆಕೆ ಯಾರ ಮನೆಗೆ ಹೋದರೂ ಆ ಮನೆಯನ್ನು ಒಪ್ಪ ಮಾಡದೆ ಹೊರಡುವವರಲ್ಲ. ಒಮ್ಮೆ ರೈಲಿನಲ್ಲಿ ಆಕೆ ಪಕ್ಕದವರ ಸಾಮಾನನ್ನು ಜೋಡಿಸಿಟ್ಟಿದ್ದರಿಂದ, ಅವರು ತಮ್ಮ ಊರು ಬಂದಾಗ ಟಿಕೆಟ್ ಹುಡುಕುತ್ತಾ ಕೂತು ಮುಂದಿನ ಊರಿನವರೆಗೆ ಹೋಗಿದ್ದರಂತೆ.

"ಅಕ್ಕ, ದೇವರು ಬಂದ ಹಾಗೆ ಬಂದೆ," ಎಂದರು ನೋಡೋಣಪ್ಪನವರು. "ಒಬ್ರು ದೊಡ್ಡ ಅಧಿಕಾರಿ ಬರ್ತಾರೆ. ನೀನು ಅಡುಗೆಮನೇಲಿ ನಿಂತಿರು. ನಾನು ಉಪ್ಪು ಅಂದ್ರೆ ಉಪ್ಪಿನ ಡಬ್ಬಿ ಎಲ್ಲಿದೆ ಹೇಳು. ಸಕ್ಕರೆ ಅಂದ್ರೆ ಸಕ್ಕರೇದು. ಅಷ್ಟೇ."

"ಅಷ್ಟೇನಾ? ನೀನು ಹೋಗಿ ಮುಖ ತೊಳ್ಕೋ. ಅಡುಗೆಮನೆ ನಾನು ನೋಡ್ಕೋತೀನಿ."

ನೋಡೋಣಪ್ಪನವರು ಕಂಪ್ಯೂಟರ್ ತರಲು ಪಕ್ಕದ ಮನೆಗೆ ಹೋದರು. ಅಕ್ಕ ಅಡುಗೆಮನೆಗೆ ಹೋದರು. ಇತಿಹಾಸದಲ್ಲಿ ಸಾಮ್ರಾಜ್ಯಗಳು ಬಿದ್ದದ್ದು ಇದಕ್ಕಿಂತ ಚಿಕ್ಕ ಕಾರಣಗಳಿಗೆ.

ಅಧಿಕಾರಿ ಸಮಯಕ್ಕೆ ಸರಿಯಾಗಿ ಬಂದರು. ಕಿಂಡಿಗೆ ಬೆನ್ನು ಮಾಡಿ ಕೂತರು. ಕಂಪ್ಯೂಟರ್ ಹೊತ್ತಿಕೊಂಡಿತು. ಪರದೆಯ ತುಂಬ ಸ್ಟುಡಿಯೋದವರು ತೆಗೆದ ಪಾಸ್‌ಪೋರ್ಟ್ ಫೋಟೋಗಳು ಸಾಲಾಗಿ ನಿಂತವು.

"ಇವ್ರೆಲ್ಲ ಯಾರು?"

"ಡ್ರೈವರ್‌ಗಳು ಸಾರ್."

"ಲಾರಿ ಒಂಬತ್ತು ಅಂದ್ರಿ. ಇಲ್ಲಿ ಇಪ್ಪತ್ತನಾಲ್ಕು ಮುಖ ಇವೆ."

"ಪಾಳಿ ಸಾರ್. ಒಬ್ರು ಮಲಗಿದ್ರೆ ಇನ್ನೊಬ್ರು."

ಅಧಿಕಾರಿ ಬೆರಳಿಟ್ಟು ತೋರಿಸಿದರು. "ಇದು ಹಸುಗೂಸು."

ನೋಡೋಣಪ್ಪನವರು ಹಣೆ ಒರೆಸಿಕೊಂಡರು. "ಅದು ಡ್ರೈವರದ್ದೇ ಹಳೇ ಫೋಟೋ ಸಾರ್. ಹೊಸದು ಕೊಡು ಅಂತ ಎಷ್ಟು ಸಲ ಹೇಳಿದ್ರೂ ಕೊಡ್ತಿಲ್ಲ."

"ಶಿಸ್ತು ಬೇಕು," ಎಂದು ಅಧಿಕಾರಿ ಪುಸ್ತಕದಲ್ಲಿ ಬರೆದುಕೊಂಡರು. ಅಷ್ಟರಲ್ಲಿ ಕಿಂಡಿಯ ಮೇಲಿಟ್ಟಿದ್ದ ಫೋನು ಬಡಿದುಕೊಂಡಿತು.

"ಅಮ್ಮಾ, ಸಕ್ಕರೆ. ರಿಂಗ್ ರಸ್ತೇಲಿದ್ದೀನಿ. ಎಡಕ್ಕೋ ಬಲಕ್ಕೋ?"

ನೋಡೋಣಪ್ಪನವರು ಟಪಟಪ ಕೀಲಿ ಒತ್ತಿ, ಕಿಂಡಿಯ ಕಡೆ ಕಣ್ಣೆತ್ತಿ, ತಮ್ಮಷ್ಟಕ್ಕೆ ಎಂಬಂತೆ "ಸಕ್ಕರೆ..." ಎಂದರು. ಕಿಂಡಿಯಲ್ಲಿ ಅಕ್ಕನ ಕೈ ಮೇಲೆದ್ದಿತು. ಕೈಯಲ್ಲಿ ಹೊಳೆಯುವ ಡಬ್ಬಿ. ತೊಳೆದಿರಬೇಕು ಎಂದುಕೊಂಡರು. "ಒಲೆ ಪಕ್ಕ!" ಎಂದು ಪಿಸುದನಿ ಬಂತು.

"ಕಾಗದದ ಮಿಲ್ಲಿಗೆ ಹೋಗು," ಎಂದರು ನೋಡೋಣಪ್ಪನವರು.

"ಯಜಮಾನ್ರೇ, ನನ್ನ ಮೇಲೆ ಸ್ಕೂಲಿನ ಬೆಂಚುಗಳಿವೆ."

"ಸಿಸ್ಟಮ್ ಹೇಳ್ತಿದೆ. ಹೋಗು."

ಅಧಿಕಾರಿ ತಲೆದೂಗಿದರು. ಮತ್ತೆ ಫೋನು. ಅಕ್ಕಿ. ಅಕ್ಕಿಯ ಮೇಲೆ ಹಾಸಿಗೆಗಳಿದ್ದವು. ಕಿಂಡಿ ಹೇಳಿತು, "ಒಲೆ ಪಕ್ಕ!" ಮಿಲ್ಲಿಗೆ. ಅರಿಶಿನದ ಮೇಲೆ ಮೊಟ್ಟೆ. ಮಿಲ್ಲಿಗೆ. ಮೆಣಸಿನ ಮೇಲೆ ಯಾರದೋ ಮನೆಯ ಕಬ್ಬಿಣದ ಗೇಟು. ಮಿಲ್ಲಿಗೆ. ನಾಲ್ಕನೆಯದಕ್ಕೆ ನೋಡೋಣಪ್ಪನವರಿಗೆ ಒಂದು ಸಣ್ಣ ಅನುಮಾನ ಹುಟ್ಟಿತು. ಐದನೆಯದಕ್ಕೆ ಅದು ಸತ್ತುಹೋಯಿತು. ಅತ್ತೆ ತಪ್ಪು ಮಾಡುವವರಲ್ಲ. ಮನೆಗೆ ಬರುವವರು ಮಿಲ್ಲಿನವರು ಎಂದು ತಿಳಿದು ಏನೋ ದೊಡ್ಡ ಯೋಜನೆ ಹಾಕಿಯೇ ಹೋಗಿದ್ದಾರೆ! ಅವರ ದನಿಗೆ ಗತ್ತು ಬಂತು. ಗ್ಯಾರೇಜಿನಲ್ಲಿ ಸುಮ್ಮನೆ ನಿಂತಿದ್ದ ಉಪ್ಪು ಫೋನು ಮಾಡಿ, "ಇವತ್ತಾದ್ರೂ ಏನಾದ್ರೂ ಇದೆಯಾ?" ಎಂದಾಗ, "ಇದೆ! ಮಿಲ್ಲಿಗೆ ನಡಿ!" ಎಂದು ಸೇನಾಪತಿಯಂತೆ ಗುಡುಗಿದರು.

ಜೀರಿಗೆಯ ಡ್ರೈವರ್ ಮಾತ್ರ ಸ್ವಲ್ಪ ವಾದ ಮಾಡಿದ. "ಯಜಮಾನ್ರೇ, ನನ್ನದು ಮನೆ ಸಾಮಾನು. ಆ ಮನೆ ತಾತನೂ ಮುಂದೆ ನನ್ನ ಪಕ್ಕದಲ್ಲೇ ಕೂತಿದ್ದಾರೆ. ಹೊಸ ಮನೆಗೆ ಬಿಡ್ಬೇಕು."

"ತಾತನೂ ಮಿಲ್ಲಿಗೆ!"

ಹತ್ತು ನಿಮಿಷ ಕಳೆಯುವುದರೊಳಗೆ ಅಧಿಕಾರಿಯ ಮೊಬೈಲು ಸದ್ದು ಮಾಡಿತು. ಮಿಲ್ಲಿನ ಗೇಟಿನ ಕಾವಲುಗಾರ. "ಸಾರ್, ಒಂದು ಲಾರಿ ಬಂದಿದೆ. ನೀವು ಕರೆಸಿದ್ರಾ?"

"ನಾನಿನ್ನೂ ಗುತ್ತಿಗೇನೇ ಕೊಟ್ಟಿಲ್ಲ!" ಎಂದು ಅಧಿಕಾರಿ ಬೆರಗಾಗಿ ನೋಡೋಣಪ್ಪನವರ ಕಡೆ ತಿರುಗಿದರು.

"ಸಿಸ್ಟಮ್‌ಗೆ ಮೊದಲೇ ಗೊತ್ತಾಗಿರತ್ತೆ ಸಾರ್."

ಅಧಿಕಾರಿ ಎದ್ದು ನಿಂತು ಕೈಕುಲುಕಿದರು. ಮತ್ತೆ ಮೊಬೈಲು. "ಸಾರ್, ಇನ್ನೆರಡು ಬಂದ್ವು. ಒಂದ್ರಲ್ಲಿ ಹಾಸಿಗೆ ಇವೆ. ಕಾರ್ಮಿಕರು ನಮಗೇ ಅಂದ್ಕೊಂಡು ಇಳಿಸ್ತಿದ್ದಾರೆ." ಅಧಿಕಾರಿ ಕೂತರು. ಮತ್ತೆ. "ಸಾರ್, ಗೇಟು ಬಂದಿದೆ. ಗೇಟಿಗೆ ಅಲ್ಲ ಸಾರ್, ಗೇಟೇ ಬಂದಿದೆ. ನಮಗೆ ಆಗಲೇ ಒಂದು ಗೇಟ್ ಇದೆಯಲ್ಲ, ಇದನ್ನ ಎಲ್ಲಿ ಹಾಕಿಸೋದು?" ಕೊನೆಯ ಸಲ ಕಾವಲುಗಾರನ ದನಿ ಅಳುವಂತಿತ್ತು. "ಸಾರ್, ಒಂಬತ್ತು ಲಾರಿ! ನಮ್ಮ ಲಾರಿ ಹೊರಗೆ ಹೋಗೋಕೆ ಜಾಗ ಇಲ್ಲ. ಒಬ್ಬ ತಾತ ಇಳಿದು ಒಳಗೆ ಓಡಾಡ್ತಿದ್ದಾರೆ. ಹಾಲ್ ದೊಡ್ಡದಾಯ್ತು, ಬಚ್ಚಲು ಎಲ್ಲಿ ಅಂತ ಕೇಳ್ತಿದ್ದಾರೆ."

ಅಧಿಕಾರಿ ನಿಧಾನವಾಗಿ ಮೊಬೈಲು ಕೆಳಗಿಟ್ಟರು. ಅದೇ ಹೊತ್ತಿಗೆ ಅಕ್ಕ ಟೀ ತಟ್ಟೆ ಹಿಡಿದು, ಮುಖದ ತುಂಬ ನಗು ಹೊತ್ತು ಹೊರಗೆ ಬಂದರು.

"ಹೇಗಿದೆಯೋ ನನ್ನ ಜೋಡಣೆ? ನಿನಗೆ ಅಂತಾನೇ ತಂದಿದ್ದೆ ಕಣೋ, ಒಂಬತ್ತು ಡಬ್ಬಿ ಸೆಟ್ಟು, ಎಲ್ಲಾ ಒಂದೇ ಅಳತೆ. ಚೀಟಿ ಅಂಟಿಸಿ ಒಲೆ ಪಕ್ಕ ಸಾಲಾಗಿ ಇಟ್ಟಿದ್ದೀನಿ, ಕೈಗೆ ಸಿಗೋ ಹಾಗೆ. ನಿಮ್ಮತ್ತೆ ಅದೆಂಥ ಹೆಂಗಸು! ಉಪ್ಪು ಫ್ರಿಜ್ ಮೇಲೆ, ಜೀರಿಗೆ ನೆಲದ ಹತ್ರ, ಮೆಣಸು ಕಿಟಕೀಲಿ! ಆ ತುಕ್ಕು ಡಬ್ಬಿಗಳನ್ನ ಗುಜರಿಯವನಿಗೆ ಕೊಟ್ಟುಬಿಟ್ಟೆ."

ನೋಡೋಣಪ್ಪನವರು ಬಾಯಿ ತೆರೆದರು. ನಲವತ್ತೇಳು ವರ್ಷದಲ್ಲಿ ಮೊದಲ ಸಲ, ನೋಡೋಣ ಎನ್ನಲು ಏನೂ ಉಳಿದಿರಲಿಲ್ಲ, ಎಲ್ಲವೂ ಕಾಣುತ್ತಿತ್ತು.

ಬಾಗಿಲು ತೆರೆಯಿತು. ಅತ್ತೆ ಬಂದರು, ಹಿಂದೆ ಹೆಂಡತಿ. ಅತ್ತೆಯ ಒಂದು ಕೆನ್ನೆ ಬನ್ನಿನಂತೆ ಉಬ್ಬಿತ್ತು. ಬಾಯಿ ತುಂಬ ಹತ್ತಿ. "ಹಲ್ಲು ಕಿತ್ರು," ಎಂದಳು ಹೆಂಡತಿ. "ಅಮ್ಮ ಎರಡು ಗಂಟೆ ಮಾತಾಡೋ ಹಾಗಿಲ್ಲ." ಫೋನು ಬಡಿದುಕೊಳ್ಳುತ್ತಲೇ ಇತ್ತು. ಅತ್ತೆ ಕಿಂಡಿಯಲ್ಲಿ ಇಣುಕಿದರು. ಒಂದೇ ಅಳತೆಯ ಒಂಬತ್ತು ಡಬ್ಬಿಗಳು ಒಲೆಯ ಪಕ್ಕ ಮಿಂಚುತ್ತಿದ್ದವು. ಅಕ್ಕನನ್ನು ನೋಡಿದರು. ಅಳಿಯನನ್ನು ನೋಡಿದರು. ಅಳಿಯ ಗೋಡೆಗೆ ಮುಖ ತಿರುಗಿಸಿದರು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಮೇಜಿನ ಹತ್ತಿರ ಬಂದರು. ಕೀಬೋರ್ಡನ್ನು ಎತ್ತಿ ಮೇಜಿನ ನಡುವೆ ಅಡ್ಡ ಇಟ್ಟರು, ಅದು ನದಿಯಾಯಿತು. ಅಧಿಕಾರಿಯ ಕನ್ನಡಕವನ್ನು ಅವರ ಮೂಗಿನಿಂದಲೇ ತೆಗೆದು ಮೂಲೆಯಲ್ಲಿಟ್ಟರು, ಅದು ಮಿಲ್ಲು. ಅವರ ಪೆನ್ನು ಚೆಕ್‌ಪೋಸ್ಟು. ಟೀ ಲೋಟಗಳು, ತಟ್ಟೆಗಳು, ಕಂಪ್ಯೂಟರಿನ ಮೌಸು, ಅಧಿಕಾರಿಯ ಕೈಗಡಿಯಾರ ಸೇರಿ ಒಂಬತ್ತು ಲಾರಿಗಳಾದವು. ಮೊದಲಿಗೆ ಒಂಬತ್ತನ್ನೂ ಕನ್ನಡಕದ ಮುಂದೆ ಗುಂಪು ಹಾಕಿದರು. ಒಂದೊಂದನ್ನೂ ಒಂದು ಕ್ಷಣ ದಿಟ್ಟಿಸಿ ತಳ್ಳತೊಡಗಿದರು. ಹೆಂಡತಿ ಫೋನು ಹಿಡಿದು ತಾಯಿಯ ಹುಬ್ಬನ್ನೇ ನೋಡಿ ಹೇಳುತ್ತಾ ಹೋದಳು.

"ಮೊದಲು ಉಪ್ಪು ಹಿಂದಕ್ಕೆ ತಗೊಳ್ಳಿ, ಖಾಲಿ ಇರೋದು ಅದೊಂದೇ. ಆ ಜಾಗಕ್ಕೆ ಮೆಣಸು ತಿರುಗಿಸ್ಲಿ. ಅರಿಶಿನ ಅಲ್ಲಾಡಬೇಡಿ, ಮೊಟ್ಟೆ! ಅಮ್ಮ ಕಣ್ಣು ಸಣ್ಣ ಮಾಡಿದ್ರು, ಸಕ್ಕರೆ, ನೀನು ಹಿಂದಿನ ಗೇಟಿಂದ ಹೋಗು. ಜೀರಿಗೆ, ತಾತನ್ನ ಹತ್ತಿಸ್ಕೋ. ಬರಲ್ವಂತಾ? ಬಚ್ಚಲು ಹೊಸ ಮನೇಲಿ ಇದೆ ಅನ್ನು, ಬರ್ತಾರೆ. ಅಕ್ಕಿ, ಹಾಸಿಗೆ ಎಣಿಸ್ಕೊಂಡು ಹೊರಡು. ಒಂದ್ರ ಮೇಲೆ ಯಾರೋ ಮಲಗಿದ್ದಾರಾ? ಎಬ್ಬಿಸು!"

ಹನ್ನೊಂದು ನಿಮಿಷ. ಕಾವಲುಗಾರ ಫೋನು ಮಾಡಿ, "ಗೇಟು ಬಿಡುವಾಯ್ತು ಸಾರ್, ಒಂದು ಖಾಲಿ ಲಾರಿ ಮಾತ್ರ ಪಕ್ಕದಲ್ಲಿ ನಿಂತಿದೆ. ತಾತ ಟಾಟಾ ಮಾಡಿ ಹೋದ್ರು" ಎಂದ. ಮೇಜಿನ ಮೇಲೆ ಕನ್ನಡಕದ ಮುಂದೆ ಉಳಿದದ್ದು ಒಂದೇ ಒಂದು: ಮೌಸು. ಅಂದರೆ ಉಪ್ಪು. ಅತ್ತೆ ಅದನ್ನು ಅಲ್ಲಿಂದ ತೆಗೆಯಲಿಲ್ಲ. ಅದರ ಮೇಲೆ ಕೈಯಿಟ್ಟು ಅಧಿಕಾರಿಯ ಮುಖ ನೋಡಿದರು. ಉಪ್ಪನ್ನು ಮಾರುವ ವಿಷಯ ಯಾರೂ ಹೇಳದಿದ್ದರೂ ಅವರಿಗೆ ಗೊತ್ತಿತ್ತು.

ಅಧಿಕಾರಿ ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿದರು. "ಇದೇನ್ರೀ ನಿಮ್ಮ ಹದಿನೆಂಟು ವರ್ಷದ ಸಿಸ್ಟಮ್?"

"ಹೌದು ಸಾರ್," ಎಂದರು ನೋಡೋಣಪ್ಪನವರು ನೆಲ ನೋಡುತ್ತಾ. "ಸುಳ್ಳು ಹೇಳಿದೆ. ಇವ್ರು ನಮ್ಮತ್ತೆ."

"ನಮ್ಮ ಮಿಲ್ಲಲ್ಲಿ ಗೇಟ್ ಕಟ್ಟಿಕೊಂಡ್ರೆ ಬಿಡಿಸೋಕೆ ಅರ್ಧ ದಿನ ಬೇಕು, ನಾಲ್ಕು ಎಂಜಿನಿಯರ್ ಬೇಕು." ಅಧಿಕಾರಿ ಮೆಲ್ಲನೆ ಹೇಳಿದರು. "ಗುತ್ತಿಗೆ ಕೊಡ್ತೀನಿ. ಆ ಮೌಸಿನ ಲಾರಿ ನಾಳೆಯಿಂದ್ಲೇ ಬರ್ಲಿ. ಆದ್ರೆ ಒಂದು ಷರತ್ತು. ಅಮ್ಮನಿಗೆ ಹಲ್ಲು ನೋವು ಬಂದ್ರೆ ನನ್ನ ಮಿಲ್ಲು ನಿಲ್ಲಬಾರ್ದು. ನಿಜವಾದ ಸಾಫ್ಟ್‌ವೇರ್ ತರಬೇಕು. ಯಾವಾಗ ತರ್ತೀರಿ?"

ಸಾಫ್ಟ್‌ವೇರ್ ಎಂಬ ಶಬ್ದ ಅತ್ತೆಯ ಎದುರಿಗೇ ಬಿದ್ದುಬಿಟ್ಟಿತು. ಹೆಂಡತಿ ಕಣ್ಣು ಮುಚ್ಚಿಕೊಂಡಳು. ನೋಡೋಣಪ್ಪನವರು ಅತ್ತೆಯ ಕಡೆ ನೋಡದೆ, ಬೆವರುತ್ತಾ, ತಮಗೆ ತಿಳಿದಿದ್ದ ಒಂದೇ ದಾರಿ ಹಿಡಿದರು. "ಹತ್ತನೇ ಲಾರಿ ಬರ್ಲಿ ಸಾರ್, ಆಮೇಲೆ ನೋಡೋ..."

ಅತ್ತೆ ಬಾಯಿಗೆ ಕೈ ಹಾಕಿ ಹತ್ತಿಯನ್ನು ತೆಗೆದು ತಟ್ಟೆಯಲ್ಲಿ ಇಟ್ಟರು.

"ಇವತ್ತೇ," ಎಂದರು.

"ಅಮ್ಮಾ! ಮಾತಾಡ್ಬೇಡ ಅಂದಿದ್ರು ಡಾಕ್ಟ್ರು!"

"ಸುಮ್ನಿರೇ. ಹದಿನೆಂಟು ವರ್ಷ ಬಾಯಿ ಮುಚ್ಕೊಂಡಿದ್ದೀನಿ, ಇನ್ನೆರಡು ಗಂಟೆ ಆಗಲ್ಲ. ನನ್ನ ಮನೇಲಿ ಒಂದು ಲೋಟ ಟೀಗೆ ಸಕ್ಕರೆ ಹಾಕೋಕೆ ಯಾರ್ದೋ ಲೋಡ್ ಇಳೀಬೇಕು! ಮೆಣಸಿನ ಡಬ್ಬಿ ಒಂದು ಇಂಚು ಸರಿಸಿದ್ರೆ ಯಾವನೋ ಡ್ರೈವರ್ ಗಡಿ ದಾಟಿಬಿಡ್ತಾನೆ! ಈ ಮನೇಲಿ ಕೊನೇಗೆ ನೆಟ್ಟಗೆ ಉಪ್ಪು ಬಿದ್ದಿದ್ದು ಯಾವ ವರ್ಷ ನೆನಪಿದೆಯಾ?"

"ಆದ್ರೆ ಅತ್ತೆ, ಆವತ್ತು ಆ ಟೈ ಕಟ್ಟಿದವನು ಬಂದಾಗ ನೀವು ಕಣ್ಣೊರೆಸ್ಕೊಂಡ್ರಲ್ಲ..."

"ಡಬ್ಬಿ ಬೇಕಾಗಲ್ಲ ಅಂದನಲ್ಲ, ಸಂತೋಷಕ್ಕೆ! ನೀವು ನಾಳೆ ತರ್ತೀರಿ, ನಾಡಿದ್ದು ತರ್ತೀರಿ ಅಂತ ಕಾಯ್ತಾ ಇದ್ದೆ ಅಳಿಯಂದ್ರೇ. ಒಂದು ಮಾತು ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಅಕ್ಕ ಮಾತ್ರ, "ನಾನು ಆಗ್ಲೇ ಹೇಳ್ಲಿಲ್ವಾ, ಡಬ್ಬಿ ಒಲೆ ಪಕ್ಕಾನೇ ಇರ್ಬೇಕು ಅಂತ?" ಎಂದರು. ಅತ್ತೆ ಅವರ ಕೈ ಹಿಡಿದು, "ನೀವು ಬರ್ತಾ ಇರಿ" ಎಂದರು. ಆಕೆಗೆ ಜೀವನದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟರು.

ಟೈ ಕಟ್ಟಿದವನು ಸಂಜೆಯೊಳಗೆ ಬಂದ. ಮೂರನೆಯ ಬೆರಳು ಮಡಚಿ ತೋರಿಸುವ ಆಸೆ ಅವನಿಗಿತ್ತು, ಅತ್ತೆಯ ಕೆನ್ನೆ ನೋಡಿ ಸುಮ್ಮನಾದ. ಲಾರಿಗಳ ನಂಬರು ಹಾಕಬೇಕಾದ ಜಾಗದಲ್ಲಿ ಅತ್ತೆ ಉಪ್ಪು, ಸಕ್ಕರೆ, ಮೆಣಸು ಎಂದೇ ಬರೆಸಿದರು. ನಂಬರು ಹಾಕಿದರೆ ಡ್ರೈವರ್‌ಗಳಿಗೆ ತಾವು ಯಾರೆಂದು ಗೊತ್ತಾಗುವುದಿಲ್ಲ. ಒಂಬತ್ತು ಚುಕ್ಕೆಗಳು ಪರದೆಯ ಮೇಲೆ ಮಿಣಮಿಣ ಎಂದವು. ಉಪ್ಪಿನ ಚುಕ್ಕೆ ಮಾರನೆಯ ಬೆಳಿಗ್ಗೆ ಆರಕ್ಕೇ ಮಿಲ್ಲಿನ ಕಡೆ ಹೊರಟಿತು.

ಈಗ ಆ ಮನೆಯಲ್ಲಿ ಊಟ ರುಚಿಯಾಗಿರುತ್ತದೆ. ನೆಂಟರು ಮತ್ತೆ ಬರತೊಡಗಿದ್ದಾರೆ. ನೋಡೋಣಪ್ಪನವರು ನಡುಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಎಲ್ಲ ಚುಕ್ಕೆಗಳೂ ಸರಿಯಾಗಿ ಓಡುತ್ತಿರುತ್ತವೆ. ಮೊನ್ನೆ ನಾನು ಹೋಗಿದ್ದಾಗ ಅಡುಗೆಮನೆಯಲ್ಲಿ ಡಬ್ಬಿಯೊಂದು ಕಟ್ಟೆಯ ಮೇಲೆ ಸರ್ರನೆ ಸರಿದ ಸದ್ದಾಯಿತು, ಹಿಂದೆಯೇ ಮುಚ್ಚಳ ತೆಗೆದ ಸದ್ದು. ನೋಡೋಣಪ್ಪನವರು ಕುರ್ಚಿಯಿಂದ ಹಾರಿ ಫೋನು ಹಿಡಿದರು.

"ಸಕ್ಕರೆ! ಎಲ್ಲಿದ್ದೀಯಾ?"

"ಸೇತುವೆ ಹತ್ರ ಯಜಮಾನ್ರೇ. ಪರದೆ ಮೇಲೆ ಕಾಣ್ತಿಲ್ವಾ?"

"ಕಾಣ್ತಿದೆ, ಕಾಣ್ತಿದೆ," ಎಂದರು ನೋಡೋಣಪ್ಪನವರು ದನಿ ತಗ್ಗಿಸಿ. "ಆದ್ರೂ ಒಂದೆರಡು ನಿಮಿಷ ಅಲ್ಲೇ ಪಕ್ಕಕ್ಕೆ ಹಾಕ್ಕೊಂಡು ನಿಂತಿರು. ಅತ್ತೆ ಟೀ ಮಾಡ್ತಿದ್ದಾರೆ."